ಒಣ ಟನ್ನಿನ ಲೆಕ್ಕ: ಸಿಲ್ವರ್ ಮರದ ಕೊಂಬೆಯಿಂದ ಕಾಗದದ ಹಾಳೆಯವರೆಗೆ

ಕೊಡಗಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರವನ್ನು ಯಾರೂ ಕಾಗದಕ್ಕೆಂದು ನೆಡುವುದಿಲ್ಲ. ಆಸ್ಟ್ರೇಲಿಯಾ ಮೂಲದ ಈ ಮರ ನೆಟ್ಟಗೆ, ಬೇಗನೆ ಬೆಳೆಯುತ್ತದೆ. ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಾಫಿಗೆ ನೆರಳಾಗುತ್ತದೆ, ಬಲಿತ ಮೇಲೆ ಅದರ ದಪ್ಪ ದಿಮ್ಮಿ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ದಿಮ್ಮಿ ಹೋದ ಮೇಲೆ ಉಳಿಯುವ ತುದಿ, ಪಕ್ಕದ ರೆಂಬೆಗಳು, ಇಕ್ಕಟ್ಟಿನಲ್ಲಿ ಬೆಳೆದು ದಪ್ಪವಾಗದೆ ಹೋದ ಮರಗಳು, ಮಳೆಗಾಲದ ಗಾಳಿಗೆ ಉರುಳಿದವು, ಇವೆಲ್ಲ ಸೌದೆಯಾಗುತ್ತವೆ ಅಥವಾ ಬಿದ್ದಲ್ಲೇ ಕೊಳೆಯುತ್ತವೆ. ಈ ಉಳಿಕೆಯಿಂದ ಕಾಗದದ ಪಲ್ಪ್, ಅಂದರೆ ನಾರಿನ ಮುದ್ದೆ, ತೆಗೆಯಲು ಸಾಧ್ಯವೇ, ಸಾಧ್ಯವಾದರೆ ತೋಟದವರ ಕೈಗೆ ಏನಾದರೂ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ನಾನು ಸ್ನಾತಕೋತ್ತರ ಸಂಶೋಧನೆ ಮಾಡಿದೆ. ಮೊದಲನೆಯ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರ ಸಿಕ್ಕಿತು. ಎರಡನೆಯದರ ಉತ್ತರ ಪ್ರಯೋಗಾಲಯದ ಹೊರಗೆ, ಲಾರಿಯ ಬಾಡಿಗೆಯಲ್ಲಿ ಮತ್ತು ತೂಕದ ಚೀಟಿಯಲ್ಲಿ ಇತ್ತು. ಕಾಗದದ ಕಚ್ಚಾವಸ್ತುವಿನ ಬಗ್ಗೆ ನಡೆಯುವ ನಮ್ಮ ಸಂಶೋಧನೆಗಳು ಸಾಮಾನ್ಯವಾಗಿ ಮೊದಲನೆಯದಕ್ಕೇ ನಿಂತುಬಿಡುತ್ತವೆ ಎಂಬ ಕೊರಗು ನನಗಿದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮರ ಮುಟ್ಟುವ ಮೊದಲು ಬಿದಿರಿನ ಕಥೆಯನ್ನು ಓದಬೇಕೆಂದು ನನ್ನ ಮಾರ್ಗದರ್ಶಕರು ಪಟ್ಟು ಹಿಡಿದರು, ಅದು ಒಳ್ಳೆಯದೇ ಆಯಿತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾದದ್ದು, ದಾಂಡೇಲಿಯ ಕಾರ್ಖಾನೆ 1950ರ ದಶಕದಲ್ಲಿ ಬಂದದ್ದು. ಎರಡೂ ಮೊದಲು ನಂಬಿಕೊಂಡಿದ್ದು ಕಾಡಿನ ಬಿದಿರನ್ನು. ಕಾಡಿನ ಬಿದಿರು ಕಾರ್ಖಾನೆಗಳಿಗೆ ನಾಮಮಾತ್ರದ ಬೆಲೆಗೆ ಸಿಗುತ್ತಿತ್ತು. ಹಾಗೆ ಸಿಕ್ಕಿದ್ದರಿಂದಲೇ ಅದನ್ನು ಉಳಿಸಿಕೊಳ್ಳುವ ಲೆಕ್ಕ ಯಾರಿಗೂ ಬೇಕಾಗಲಿಲ್ಲ. 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡಿದ ಮಾಧವ ಗಾಡ್ಗೀಳರು ಒಂದು ಮಹತ್ವದ ಸಂಗತಿಯನ್ನು ಗುರುತಿಸಿದರು. ಕಡಿಯಲು ಸುಲಭವಾಗಲೆಂದು, ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳನ್ನು ಸವರಿ ತೆಗೆಯುತ್ತಿದ್ದರು. ಆದರೆ ಆ ಮುಳ್ಳೇ ಎಳೆಯ ಕಳಲೆಗೆ ಬೇಲಿಯಾಗಿತ್ತು. ಅದು ಹೋದ ಮೇಲೆ ಕಳಲೆ ದನಕರುಗಳ ಮತ್ತು ಕಾಡುಪ್ರಾಣಿಗಳ ಬಾಯಿಗೆ ಹೋಯಿತು. ಕಚ್ಚಾವಸ್ತುವಿಗೆ ಸರಿಯಾದ ಬೆಲೆ ಇಲ್ಲದಿದ್ದರೆ ಅದರ ವಿಜ್ಞಾನವೂ ತಡವಾಗಿ ಬರುತ್ತದೆ ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

1988ರ ರಾಷ್ಟ್ರೀಯ ಅರಣ್ಯ ನೀತಿ ಈ ಪದ್ಧತಿಯನ್ನು ತಿರುಗಿಸಿತು. ಕಾಡಿನ ಉತ್ಪನ್ನವನ್ನು ರಿಯಾಯಿತಿ ದರದಲ್ಲಿ ಕೈಗಾರಿಕೆಗೆ ಕೊಡಬಾರದು, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರೊಡನೆ ನೇರ ಸಂಬಂಧ ಬೆಳೆಸಿ ಅವರ ಜಮೀನಿನಿಂದ ಪಡೆಯಬೇಕು ಎಂಬುದು ಅದರ ತಿರುಳು. ಆ ನಂತರ ನೀಲಗಿರಿಯ ತಳಿ ಆಯ್ಕೆ, ಭದ್ರಾಚಲಂ ಭಾಗದಲ್ಲಿ ನಡೆದ ಕ್ಲೋನ್ ಕೆಲಸ, ಸುಬಾಬುಲ್, ಗಾಳಿಮರ ಎಲ್ಲವೂ ಬಂದವು. ಕರ್ನಾಟಕದಲ್ಲಿ ಅಂತರ್ಜಲದ ಆತಂಕದಿಂದ ನೀಲಗಿರಿ ನೆಡುವುದಕ್ಕೆ 2017ರಲ್ಲಿ ಸರ್ಕಾರ ನಿಷೇಧ ಹೇರಿತು. ಭದ್ರಾವತಿಯ ಕಾರ್ಖಾನೆ ಅಷ್ಟರಲ್ಲಿ ಉತ್ಪಾದನೆ ನಿಲ್ಲಿಸಿತ್ತು. ಬೇರೆ ಯಾವ ಮರ ಎಂಬ ಹುಡುಕಾಟದಲ್ಲಿ ಹೆಬ್ಬೇವಿನ ಹೆಸರು ಎಲ್ಲರ ಬಾಯಲ್ಲಿತ್ತು. ಆದರೆ ಕೊಡಗಿನಲ್ಲಿ ಹೊಸದಾಗಿ ಏನನ್ನೂ ನೆಡದೆ, ಇರುವ ಮರದ ಉಳಿಕೆಯನ್ನೇ ನೋಡಬಾರದೇಕೆ ಎಂಬುದು ನನ್ನ ವಿಷಯವಾಯಿತು. ಸಿಲ್ವರ್ ಓಕ್ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಿಲ್ಲದಿರುವುದೂ ಇದಕ್ಕೆ ಅನುಕೂಲವಾಗಿತ್ತು.

ಮಾದರಿ ಸಂಗ್ರಹಿಸಲು ಕಾಫಿ ಕೊಯ್ಲು ಮುಗಿಯುವವರೆಗೆ ಕಾಯಬೇಕಾಯಿತು, ಏಕೆಂದರೆ ಹಣ್ಣು ಗಿಡದಲ್ಲಿರುವಾಗ ತೋಟದೊಳಗೆ ಮರ ಉರುಳಿಸಲು ಯಾವ ಬೆಳೆಗಾರನೂ ಒಪ್ಪುವುದಿಲ್ಲ. ಗೋಣಿಕೊಪ್ಪ ಮತ್ತು ಅಮ್ಮತ್ತಿ ಕಡೆಯ ರೊಬಸ್ಟಾ ತೋಟಗಳಿಂದ ಹಾಗೂ ಮಡಿಕೇರಿ ಕಡೆಯ ಎತ್ತರದ ಅರೇಬಿಕಾ ತೋಟದಿಂದ ಮರಗಳನ್ನು ಆರಿಸಿಕೊಂಡೆ. ಪ್ರತಿ ಮರದಲ್ಲೂ ಬುಡ, ನಡು, ತುದಿ ಮತ್ತು ದಪ್ಪ ರೆಂಬೆಗಳಿಂದ ಬಿಲ್ಲೆಗಳನ್ನು ಕೊಯ್ಯಿಸಿ, ಕೊಯ್ದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದೇ ದಿನ ತೂಕ ಮಾಡಬೇಕಿತ್ತು. ಬಿಲ್ಲೆಯ ಮೇಲೆ ಬೆರಳಿಟ್ಟರೆ ನೀರು ಜಿನುಗುತ್ತಿತ್ತು. ತೊಗಟೆಯನ್ನು ಬೇರೆ, ಮರವನ್ನು ಬೇರೆ ತೂಗಿ, ಎರಡನ್ನೂ 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿದೆವು. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು ಎಂಬುದು ಪುಸ್ತಕದಲ್ಲಿ ಓದಿದ್ದೇ. ಒಲೆಯಿಂದ ಹೊರಬಂದ ಹಗುರವಾದ ಬಿಲ್ಲೆಯನ್ನು ಕೈಯಲ್ಲಿ ಹಿಡಿದಾಗ ಆ ಮಾತಿನ ಭಾರ ತಿಳಿಯಿತು.

ತೊಗಟೆಯ ವಿಷಯ ಆಗಲೇ ಎಚ್ಚರಿಕೆ ಕೊಟ್ಟಿತು. ಕೊಂಬೆ ಸಣ್ಣದಾದಷ್ಟೂ ಅದರ ತೂಕದಲ್ಲಿ ತೊಗಟೆಯ ಪಾಲು ಏರುತ್ತದೆ. ತೊಗಟೆಯಲ್ಲಿ ಕಾಗದಕ್ಕೆ ಬೇಕಾದ ನಾರು ಕಡಿಮೆ, ಬೂದಿ ಮತ್ತು ಬಣ್ಣ ಬಿಡುವ ಪದಾರ್ಥ ಹೆಚ್ಚು. ಪಲ್ಪಿಗಾಗಿ ಮರವನ್ನು ಕ್ಷಾರದಲ್ಲಿ ಬೇಯಿಸುವಾಗ ಅದು ಕ್ಷಾರವನ್ನು ತಿನ್ನುತ್ತದೆಯೇ ಹೊರತು ಪಲ್ಪ್ ಕೊಡುವುದಿಲ್ಲ. ಹಸಿಯಾಗಿದ್ದಾಗ ಕತ್ತಿಯ ಮೊನೆ ಹಾಕಿ ಎಳೆದರೆ ಸುಲಿದು ಬರುವ ತೊಗಟೆ, ಒಣಗಿದ ಮೇಲೆ ಮರಕ್ಕೇ ಕಚ್ಚಿಕೊಳ್ಳುತ್ತದೆ. ಅಂದರೆ ತೊಗಟೆ ತೆಗೆಯುವ ಕೆಲಸ ತೋಟದಲ್ಲೇ, ಕಡಿದ ಕೆಲವೇ ದಿನಗಳಲ್ಲಿ ಆಗಬೇಕು, ಮತ್ತು ಅದರ ಕೂಲಿ ತೋಟದವರ ಲೆಕ್ಕಕ್ಕೇ ಬರುತ್ತದೆ.

ಸೂಕ್ಷ್ಮದರ್ಶಕದ ಕೆಲಸ ನನಗೆ ಇಷ್ಟವಾದದ್ದು. ಬೆಂಕಿಕಡ್ಡಿಗಿಂತ ಸಣ್ಣ ಸೀಳುಗಳನ್ನು ಸಮಪ್ರಮಾಣದ ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ 60 ಡಿಗ್ರಿಯಲ್ಲಿಟ್ಟರೆ ಅವು ಬೆಳ್ಳಗಾಗಿ ಮೆತ್ತಗಾಗುತ್ತವೆ. ಅಲುಗಾಡಿಸಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತವೆ. ಪೈನ್‌ನಂತಹ ಮರಗಳ ನಾರು ಸುಮಾರು 3 ಮಿಲಿಮೀಟರ್ ಉದ್ದವಿದ್ದರೆ, ನಮ್ಮ ಅಗಲೆಲೆಯ ಮರಗಳದ್ದು 1 ಮಿಲಿಮೀಟರ್ ಆಸುಪಾಸು. ಬಿದಿರು ಇವೆರಡರ ನಡುವೆ ನಿಲ್ಲುತ್ತದೆ. ಸಿಲ್ವರ್ ಓಕ್ ಅಗಲೆಲೆಯ ಮರಗಳ ಗುಂಪಿಗೆ ಹೊರತಲ್ಲ. ನಾರಿನ ಗೋಡೆಯ ದಪ್ಪವನ್ನು ಎರಡರಿಂದ ಗುಣಿಸಿ ಒಳಗಿನ ಟೊಳ್ಳಿನ ವ್ಯಾಸದಿಂದ ಭಾಗಿಸಿದರೆ ಬರುವ ರಂಕೆಲ್ ಅನುಪಾತ ಒಂದಕ್ಕಿಂತ ಕಡಿಮೆ ಇದ್ದರೆ ನಾರು ಚಪ್ಪಟೆಯಾಗಿ ಪಕ್ಕದ ನಾರಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಆ ಪರೀಕ್ಷೆಯಲ್ಲಿ ನಮ್ಮ ಮಾದರಿಗಳು ಪಾಸಾದವು. ಆದರೆ ಈ ಮರದಲ್ಲಿ ಕಿರಣಕೋಶಗಳ, ಅಂದರೆ ಮರದ ನಡುವಿನಿಂದ ತೊಗಟೆಯತ್ತ ಸಾಗುವ ಕೋಶಗಳ, ಪಟ್ಟಿಗಳು ಅಗಲವಾಗಿವೆ. ಪೀಠೋಪಕರಣ ಮಾಡುವವರು ಮೆಚ್ಚುವ ಜರಿಯಂತಹ ಹೊಳಪು ಆ ಪಟ್ಟಿಗಳಿಂದಲೇ ಬರುವುದು. ಕಾಗದದವರಿಗೆ ಅದೇ ತೊಡಕು: ಆ ಕೋಶಗಳು ಗಿಡ್ಡ, ತೆಳು, ಒಂದಿಷ್ಟು ಕಾಗದದ ಹಾಳೆ ಹರಡುವ ಜಾಲರಿಯಿಂದ ಸೋರಿಹೋಗುತ್ತವೆ, ಉಳಿದವು ನೀರು ಬಸಿಯುವುದನ್ನು ನಿಧಾನಗೊಳಿಸುತ್ತವೆ.

ಬೇಯಿಸುವ ಕೆಲಸಕ್ಕೆ ಬೇಕಾದ ಡೈಜೆಸ್ಟರ್ ಎಂಬ ಒತ್ತಡದ ಪಾತ್ರೆ ಪೊನ್ನಂಪೇಟೆಯಲ್ಲಿ ಇರಲಿಲ್ಲವಾದ್ದರಿಂದ ಕಾಗದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಜಾಗ ಸಿಕ್ಕಿತು. ಅಲ್ಲಿನವರು ಕಲಿಸಿದ ಮೊದಲ ಪಾಠ, ಬೇಯಿಸಲೆಂದು ಮರವನ್ನು ಕತ್ತರಿಸಿದ ಚಕ್ಕೆಯದ್ದು. ಚಕ್ಕೆಯ ಉದ್ದ 20ರಿಂದ 25 ಮಿಲಿಮೀಟರ್ ಇರಬಹುದು, ಅದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಆದರೆ ದಪ್ಪದಲ್ಲಿ ರಾಜಿಯಿಲ್ಲ. ದಪ್ಪ ಚಕ್ಕೆಯ ನಡುವಿಗೆ ಕ್ಷಾರ ಮುಟ್ಟುವಷ್ಟರಲ್ಲಿ ಹೊರಗಿನ ಪದರ ಅತಿಯಾಗಿ ಬೆಂದಿರುತ್ತದೆ, ನಡು ಬೇಯದೆ ಗಂಟಾಗಿ ಉಳಿಯುತ್ತದೆ. ರೆಂಬೆಯ ಕಣ್ಣುಗಳಿರುವ ಕಡೆ ಚಕ್ಕೆ ಎಂದೂ ಒಂದೇ ಸಮ ಬರುವುದಿಲ್ಲ, ಆದ್ದರಿಂದ ಕೊಂಬೆಯ ಮರದಲ್ಲಿ ಗಂಟು ಹೆಚ್ಚು ಉಳಿಯುವುದನ್ನು ನಿರೀಕ್ಷಿಸಿಯೇ ಇದ್ದೆವು, ಹಾಗೆಯೇ ಆಯಿತು.

ನಾವು ಅನುಸರಿಸಿದ್ದು ಕ್ರಾಫ್ಟ್ ವಿಧಾನ. ಜರ್ಮನಿಯ ಕಾರ್ಲ್ ಡಾಲ್ 1879ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಸೇರಿದ ಬಿಳಿ ದ್ರಾವಣದಲ್ಲಿ ಚಕ್ಕೆಗಳನ್ನು ಒತ್ತಡದಡಿ ಬೇಯಿಸಲಾಗುತ್ತದೆ. ನಾರುಗಳನ್ನು ಒಂದಕ್ಕೊಂದು ಬಿಗಿದಿರುವ ಲಿಗ್ನಿನ್ ಕರಗಿ ದ್ರಾವಣ ಕಪ್ಪಾಗುತ್ತದೆ, ಸೆಲ್ಯುಲೋಸಿನ ನಾರು ಉಳಿಯುತ್ತದೆ. ಒಣ ಮರದ ತೂಕಕ್ಕೆ ಹೋಲಿಸಿ ಕ್ಷಾರದ ಪ್ರಮಾಣವನ್ನು ಶೇ 16, 18 ಮತ್ತು 20 ಎಂದು ಬದಲಿಸುತ್ತ, ಸಲ್ಫೈಡಿನ ಪಾಲನ್ನು ಶೇ 25ಕ್ಕೆ ಹಿಡಿದು, 165 ಡಿಗ್ರಿಗೆ ನಿಧಾನವಾಗಿ ಏರಿಸಿ ಅಲ್ಲಿ ನಿಲ್ಲಿಸಿದೆವು. ಒಂದು ಪಾಲು ಒಣ ಮರಕ್ಕೆ ನಾಲ್ಕು ಪಾಲು ದ್ರವ. ಆ ನಾಲ್ಕರಲ್ಲಿ ಚಕ್ಕೆಯೊಳಗೆ ಮೊದಲೇ ಇರುವ ನೀರೂ ಸೇರಿರುವುದರಿಂದ ಪ್ರತಿ ಬಾರಿಯೂ ಚಕ್ಕೆಯ ತೇವಾಂಶ ನೋಡದೆ ದ್ರಾವಣ ಅಳೆಯುವಂತಿರಲಿಲ್ಲ. ಉಷ್ಣತೆಯಲ್ಲಂತೂ ಸಡಿಲಿಕೆಯೇ ಇಲ್ಲ. ಕ್ರಾಫ್ಟ್ ಬೇಯಿಸುವಿಕೆಯಲ್ಲಿ ಸಮಯ ಮತ್ತು ಉಷ್ಣತೆಯನ್ನು ಒಂದೇ ಸಂಖ್ಯೆಗೆ ಇಳಿಸುವ ಎಚ್ ಫ್ಯಾಕ್ಟರ್ ಎಂಬ ಅಳತೆ 1957ರಿಂದ ಬಳಕೆಯಲ್ಲಿದೆ. ಅದರ ಕೋಷ್ಟಕದ ಪ್ರಕಾರ 165ರಿಂದ 170 ಡಿಗ್ರಿಗೆ, ಅಂದರೆ ಬರೀ ಐದು ಡಿಗ್ರಿ ಏರಿದರೆ, ಕ್ರಿಯೆಯ ವೇಗ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹಾಗಾಗಿ ಮಾಪಕದ ಮುಂದಿನಿಂದ ಏಳದೆ ಕುಳಿತಿರಬೇಕಾಗಿತ್ತು.

ಡೈಜೆಸ್ಟರಿನ ಒತ್ತಡ ಇಳಿಸಿ ಮುಚ್ಚಳ ತೆಗೆದಾಗ ಬರುವ ಗಂಧಕದ ವಾಸನೆ ಬಟ್ಟೆಗೆ ಅಂಟಿ ಒಗೆದರೂ ಹೋಗುವುದಿಲ್ಲ. ಚಕ್ಕೆಗಳು ಆಕಾರ ಕಳೆದುಕೊಂಡಿರುವುದಿಲ್ಲ. ಕಡು ಕಂದು ಬಣ್ಣಕ್ಕೆ ತಿರುಗಿ ಹಾಗೆಯೇ ಇರುತ್ತವೆ, ಬೆರಳಲ್ಲಿ ಒತ್ತಿದರೆ ಮಾತ್ರ ನಾರು ನಾರಾಗಿ ಕುಸಿಯುತ್ತವೆ. ತೊಳೆದ ನೀರು ತಿಳಿಯಾಗುವವರೆಗೆ ಬಟ್ಟೆಯ ಮೇಲೆ ತೊಳೆದು, ಬಿಡಿಸಿ, ಜರಡಿ ಹಿಡಿದು, ಹಿಂಡಿ, ತೂಗಿ, ಒಣತೂಕ ಕಂಡುಕೊಂಡರೆ ಇಳುವರಿ, ಅಂದರೆ ನೂರು ಪಾಲು ಒಣ ಮರಕ್ಕೆ ಎಷ್ಟು ಪಾಲು ಪಲ್ಪ್ ಎಂಬುದು, ಸಿಗುತ್ತದೆ. ಅಗಲೆಲೆಯ ಮರಗಳಿಂದ ಕ್ರಾಫ್ಟ್ ವಿಧಾನದಲ್ಲಿ ಬರುವ ಇಳುವರಿ ಸಾಮಾನ್ಯವಾಗಿ ಶೇ 45ರಿಂದ 50. ನಮ್ಮ ಕಾಂಡದ ಮರ ಆ ಮಿತಿಯೊಳಗೇ ನಿಂತಿತು. ಕೊಂಬೆಯ ಮರ, ಗಂಟು ತೆಗೆದ ಮೇಲೆ, ಕೆಳಗಿನ ಅಂಚಿನಲ್ಲಿ ನಿಂತಿತು. ಕ್ಷಾರ ಹೆಚ್ಚಿಸಿದರೆ ಗಂಟು ಕಡಿಮೆಯಾಗುತ್ತಿತ್ತು, ಆದರೆ ಲಿಗ್ನಿನ್ ಜೊತೆಗೆ ಒಳ್ಳೆಯ ನಾರಿನ ಪದಾರ್ಥವೂ ಕರಗಿ ಇಳುವರಿ ಇಳಿಯುತ್ತಿತ್ತು.

ಪಲ್ಪಿನಲ್ಲಿ ಉಳಿದ ಲಿಗ್ನಿನ್ ಎಷ್ಟೆಂದು ತಿಳಿಯಲು ಕಪ್ಪಾ ಸಂಖ್ಯೆ ತೆಗೆಯುತ್ತಾರೆ. ಪಲ್ಪನ್ನು ನೀರಿನಲ್ಲಿ ಬಿಡಿಸಿ, ಗಂಧಕಾಮ್ಲ ಬೆರೆಸಿದ ಪೊಟ್ಯಾಷಿಯಂ ಪರ್ಮಾಂಗನೇಟನ್ನು ಒಮ್ಮೆಲೇ ಸುರಿದು, 25 ಡಿಗ್ರಿಯಲ್ಲಿ ಸರಿಯಾಗಿ ಹತ್ತು ನಿಮಿಷ ಕಲಕಿ, ಪೊಟ್ಯಾಷಿಯಂ ಅಯೋಡೈಡ್ ಹಾಕಿ ಕ್ರಿಯೆಯನ್ನು ನಿಲ್ಲಿಸಬೇಕು. ಕಡು ನೇರಳೆ ದ್ರಾವಣ ತಕ್ಷಣ ಕಂದಾಗುತ್ತದೆ. ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಬಂದರೆ ಕಂದು ತಿಳಿಹಳದಿಗೆ ಇಳಿಯುತ್ತದೆ. ಆಗ ಗಂಜಿಯ ದ್ರಾವಣ ಹಾಕಿದರೆ ಮತ್ತೆ ಕಡುನೀಲಿ, ಇನ್ನು ಕೆಲವೇ ಹನಿಗೆ ಬಣ್ಣವೇ ಇಲ್ಲ. ಆ ಕೊನೆಯ ಹನಿಯನ್ನು ಹಿಡಿಯುವುದೇ ಕೈಚಳಕ. ಕಪ್ಪಾ ಸಂಖ್ಯೆಯನ್ನು 0.15ರಿಂದ ಗುಣಿಸಿದರೆ ಲಿಗ್ನಿನ್ನಿನ ಶೇಕಡಾ ಪ್ರಮಾಣ ಅಂದಾಜಿಗೆ ಸಿಗುತ್ತದೆ. ಬಿಳಿ ಕಾಗದಕ್ಕೆ ಹೋಗುವ ಅಗಲೆಲೆ ಮರದ ಪಲ್ಪನ್ನು 20ರ ಕೆಳಗೆ ತರುವುದು ರೂಢಿ. ಅದಕ್ಕಿಂತ ಮೇಲಿದ್ದರೆ ಬಿಳುಪು ಮಾಡುವ ರಾಸಾಯನಿಕದ ಖರ್ಚು ಏರುತ್ತದೆ, ತ್ಯಾಜ್ಯ ನೀರಿನ ಹೊರೆಯೂ ಏರುತ್ತದೆ. ಶೇ 18ರ ಕ್ಷಾರದಲ್ಲಿ ಇಳುವರಿಯೂ ಕಪ್ಪಾ ಸಂಖ್ಯೆಯೂ ಒಪ್ಪುವಂತಹ ಜಾಗದಲ್ಲಿ ಸಿಕ್ಕವು.

ಪಲ್ಪನ್ನು ಅರೆದು, ಚದರ ಮೀಟರಿಗೆ 60 ಗ್ರಾಂ ತೂಗುವ ಹಾಳೆಗಳನ್ನು ಮಾಡಿ, 27 ಡಿಗ್ರಿ ಉಷ್ಣತೆ ಮತ್ತು ಶೇ 65 ಆರ್ದ್ರತೆಯ ಕೋಣೆಯಲ್ಲಿ ಹದಕ್ಕೆ ಬಿಟ್ಟು, ಎಳೆದಾಗ, ಹರಿದಾಗ, ಒತ್ತಿ ಒಡೆದಾಗ ಹಾಳೆ ತಾಳುವ ಬಲ ಅಳೆದೆವು. ಬರೆಯುವ ಮತ್ತು ಮುದ್ರಿಸುವ ಕಾಗದಕ್ಕೆ ಉದ್ದ ನಾರಿನ ಪಲ್ಪಿನೊಡನೆ ಬೆರೆಸಿ ಬಳಸಬಹುದಾದ ಗುಣ ಅದಕ್ಕಿತ್ತು. ಅಲ್ಲಿಗೆ ಮೊದಲನೆಯ ಪ್ರಶ್ನೆ ಮುಗಿಯಿತು.

ಎರಡನೆಯದು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಮರದಿಂದ ಪಲ್ಪ್ ತೆಗೆಯುವ ಕಾರ್ಖಾನೆಗೆ ಮರವೇ ದೊಡ್ಡ ಖರ್ಚು. ಆದ್ದರಿಂದ ಇಳುವರಿಯಲ್ಲಿ ಒಂದು ಅಂಶ ಹೆಚ್ಚಾದರೂ ಅವರು ಗಮನಿಸುತ್ತಾರೆ. ಶೇ 45 ಇಳುವರಿಯಲ್ಲಿ ಒಂದು ಟನ್ ಪಲ್ಪಿಗೆ 2,222 ಕಿಲೋ ಒಣ ಮರ ಬೇಕು. ಶೇ 46ಕ್ಕೆ ಏರಿದರೆ 2,174 ಕಿಲೋ ಸಾಕು. ವರ್ಷಕ್ಕೆ ಒಂದು ಲಕ್ಷ ಟನ್ ಪಲ್ಪ್ ತೆಗೆಯುವಲ್ಲಿ ಈ 48 ಕಿಲೋ ಸೇರಿಸುತ್ತ ಹೋದರೆ 4,800 ಟನ್ ಒಣ ಮರ ಉಳಿಯುತ್ತದೆ. ಸಂಶೋಧನಾ ವರದಿಗಳು ಇಲ್ಲಿಯವರೆಗೆ ಬಂದು ನಿಲ್ಲುತ್ತವೆ. ಕೊಡಗಿನ ಲೆಕ್ಕ ಇಲ್ಲಿಂದ ಶುರುವಾಗುತ್ತದೆ, ಏಕೆಂದರೆ ಜಿಲ್ಲೆಯಿಂದ ದಾಂಡೇಲಿಗೆ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಮತ್ತು ಆ ದಾರಿಯುದ್ದಕ್ಕೂ ಲಾರಿ ಹೊರುವುದರಲ್ಲಿ ಅರ್ಧ ನೀರು.

ಹತ್ತು ಟನ್ ಹಸಿ ಮರ ಹೊತ್ತ ಲಾರಿಯನ್ನೇ ತೆಗೆದುಕೊಳ್ಳೋಣ. ತೇವಾಂಶ ಶೇ 50 ಇದ್ದರೆ ಅದರಲ್ಲಿರುವ ನಿಜವಾದ ಮರ ಐದು ಟನ್. ಶೇ 47ರ ಇಳುವರಿಯಲ್ಲಿ ಅದರಿಂದ ಬರುವ ಪಲ್ಪ್ 2.35 ಟನ್. ಅದೇ ಮರವನ್ನು ತೇವಾಂಶ ಶೇ 25ಕ್ಕೆ ಇಳಿಯುವವರೆಗೆ ಒಣಗಿಸಿ ಹತ್ತು ಟನ್ ತುಂಬಿದರೆ ಏಳೂವರೆ ಟನ್ ಮರ ಹೋಗುತ್ತದೆ, ಮೂರೂವರೆ ಟನ್ನಿಗೆ ಸ್ವಲ್ಪ ಮೇಲೆ ಪಲ್ಪ್ ಬರುತ್ತದೆ. ಒಣ ಮರದ ಟನ್ನಿಗೆ ಬೀಳುವ ಲಾರಿ ಬಾಡಿಗೆ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಬೇಯಿಸುವ ಕ್ಷಾರವನ್ನು ಶೇ 16ರಿಂದ 20ರವರೆಗೆ ಆಡಿಸಿ ನಾವು ಗಳಿಸಿದ, ಕಳೆದುಕೊಂಡ ಇಳುವರಿಯೆಲ್ಲ ಈ ಅಂತರದ ಮುಂದೆ ಸಣ್ಣದು. ಈ ಲೆಕ್ಕವನ್ನು ಹಾಕಿ ನೋಡಿದ ಮೇಲೆ ಸಂಶೋಧನೆಯ ಉಳಿದ ಅವಧಿಯನ್ನು ಒಣಗಿಸುವುದಕ್ಕೇ ಮೀಸಲಿಡಬೇಕೆಂದು ನಿರ್ಧರಿಸಿದೆ.

ಅಮ್ಮತ್ತಿಯ ಕಣದಲ್ಲಿ ಕುಳಿತು ಇದನ್ನು ದೊಡ್ಡಪ್ಪನಿಗೆ ವಿವರಿಸಿದಾಗ ಅವರು ಕೇಳಿದ ಪ್ರಶ್ನೆ ನನ್ನ ಪ್ರಬಂಧದ ಅರ್ಥಶಾಸ್ತ್ರದ ಅಧ್ಯಾಯವನ್ನೇ ಬದಲಿಸಿತು. "ಒಣಗಿಸಿದರೆ ತೂಕ ಇಳಿಯುತ್ತದಲ್ಲ ಮಗಾ, ತೂಕ ಇಳಿದರೆ ನಮ್ಮ ದುಡ್ಡೂ ಇಳಿಯುತ್ತದೆ. ಒಣಗಿಸುವ ಕೂಲಿ ನಮ್ಮದು, ಲಾಭ ಯಾರದ್ದು?" ಎಂದರು. ಅವರ ಮಾತು ಅಕ್ಷರಶಃ ಸರಿ. ಹತ್ತು ಟನ್ ಹಸಿ ಮರ ಶೇ 25 ತೇವಾಂಶಕ್ಕೆ ಇಳಿದಾಗ ಉಳಿಯುವುದು ಆರೂ ಮುಕ್ಕಾಲು ಟನ್ನಿಗೂ ಸ್ವಲ್ಪ ಕಡಿಮೆ. ಟನ್ನಿಗೆ ಇಂತಿಷ್ಟು ಎಂದು ಒಂದೇ ದರ ಇದ್ದರೆ, ಕಾರ್ಖಾನೆಗೆ ಉತ್ತಮವಾದ ಮರ ಕೊಟ್ಟ ಬೆಳೆಗಾರ ತನ್ನ ಆದಾಯದ ಮೂರನೇ ಒಂದು ಭಾಗವನ್ನು ಕಳೆದುಕೊಳ್ಳುತ್ತಾನೆ. ಗೋಣಿಕೊಪ್ಪದ ಮರದ ವ್ಯಾಪಾರಿಯೊಬ್ಬರನ್ನು ಕೇಳಿದಾಗ ಅದೇ ಸಂಗತಿಯ ಇನ್ನೊಂದು ಮುಖ ಕಂಡಿತು. "ಹಸಿ ಮರ ತೂಕ ಹಾಕಿಸಿ ದುಡ್ಡು ಕೊಟ್ಟಿರ್ತೀವಿ ಸಾರ್, ಅಲ್ಲಿ ಯಾರ್ಡಿನಲ್ಲಿ ನಾಲ್ಕು ದಿನ ಲೈನ್ ನಿಂತರೆ ತೂಕ ಕಮ್ಮಿ ಬರುತ್ತೆ. ಅದಕ್ಕೇ ನಾವು ಮೊದಲೇ ಕಮ್ಮಿ ರೇಟು ಹೇಳೋದು" ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಆವಿಯಾಗಿ ಹೋಗುವ ನೀರಿನ ನಷ್ಟವನ್ನು ಪ್ರತಿಯೊಬ್ಬರೂ ತಮ್ಮ ಹಿಂದಿನವರ ಮೇಲೆ ತಳ್ಳುತ್ತಾರೆ, ಎಲ್ಲರಿಗಿಂತ ಹಿಂದೆ ನಿಂತಿರುವವನು ತೋಟದವನು.

ಇದಕ್ಕೆ ಪರಿಹಾರ ಹೊಸದೇನಲ್ಲ. ಪ್ರಯೋಗಾಲಯದಲ್ಲಿ ಯಾರೂ ಹಸಿ ತೂಕದ ಮೇಲೆ ಇಳುವರಿ ಹೇಳುವುದಿಲ್ಲ. ಎಲ್ಲ ಅಂಕಿಗಳೂ ಒಲೆಯಲ್ಲಿ ಒಣಗಿಸಿದ ಮರದ ತೂಕದ ಮೇಲೆಯೇ ನಿಂತಿರುತ್ತವೆ. ಕಾರ್ಖಾನೆಯ ಒಳಗಿನ ಲೆಕ್ಕವೂ ಅದೇ. ಬೆಲೆಯನ್ನೂ ಒಣ ಟನ್ನಿನ ಮೇಲೆ ಕಟ್ಟಿದರೆ ಹಸಿಯಾಗಿ ಕೊಟ್ಟವನಿಗೂ ಒಣಗಿಸಿ ಕೊಟ್ಟವನಿಗೂ ಮರದ ಮಟ್ಟಿಗೆ ಅನ್ಯಾಯವಾಗುವುದಿಲ್ಲ, ಮತ್ತು ಉಳಿದ ಬಾಡಿಗೆಯಲ್ಲಿ ಒಣಗಿಸಿದವನು ಪಾಲು ಕೇಳಬಹುದು. ತೀರಾ ಒಣಗಿಸುವ ಅಗತ್ಯವೂ ಇಲ್ಲ. ಅತಿಯಾಗಿ ಒಣಗಿದ ಚಕ್ಕೆಯೊಳಗೆ ಗಾಳಿ ಸಿಕ್ಕಿಕೊಂಡು ದ್ರಾವಣ ಒಳಗೆ ಹೋಗದಂತೆ ತಡೆಯುತ್ತದೆ, ಆಗ ಮೊದಲು ಹಬೆ ಹಾಯಿಸಬೇಕಾಗುತ್ತದೆ.

ಆದರೆ ಕೊಡಗಿನಲ್ಲಿ ಮರ ಒಣಗಿಸುವುದೆಂದರೆ ಮಳೆಯೊಡನೆ ಪೈಪೋಟಿ. ಕೊಯ್ಲು ಮುಗಿದ ಮೇಲೆ ಕಡಿದು, ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಪೇರಿಸಿ, ಜೂನ್ ಒಳಗೆ ಸಾಗಿಸಿಬಿಡಬೇಕು. ಮಳೆಗಾಲದಲ್ಲಿ ರಸ್ತೆ ಹಾಳಾಗದಿರಲೆಂದು ಜಿಲ್ಲಾಡಳಿತ ಮರ ಸಾಗಿಸುವ ಲಾರಿಗಳನ್ನು ನಿರ್ಬಂಧಿಸುತ್ತದೆ, ತೋಟದೊಳಗೆ ಉಳಿದ ಮರಕ್ಕೆ ಕೊರೆಹುಳ ಮತ್ತು ಬೂಷ್ಟು ಹಿಡಿಯುತ್ತವೆ. ತೊಗಟೆ ಸುಲಿದು ಅಡಿಗೆ ಅಡ್ಡಪಟ್ಟಿ ಕೊಟ್ಟು ಗಾಳಿಯಾಡುವಂತೆ ಪೇರಿಸಿದ್ದು, ತೊಗಟೆ ಸಹಿತ ನೆಲದ ಮೇಲೆ ಪೇರಿಸಿದ್ದಕ್ಕಿಂತ ಬೇಗ ಒಣಗಿತು. ಕಾಫಿ ಗಿಡಗಳ ನೆರಳಿನೊಳಗೆ ಇಟ್ಟದ್ದು ಎಲ್ಲಕ್ಕಿಂತ ಹಿಂದುಳಿಯಿತು. ರಸ್ತೆಬದಿಗೆ ಹೊತ್ತು ತರುವ ಕೂಲಿ ಇಲ್ಲಿ ಮತ್ತೆ ಎದುರಾಗುತ್ತದೆ. ಇಳಿಜಾರಿನ ತೋಟದಲ್ಲಿ ಟ್ರ್ಯಾಕ್ಟರ್ ಇಳಿಯುವುದಿಲ್ಲ, ಭುಜದ ಮೇಲೆಯೇ ಬರಬೇಕು. ಡೊಂಕು ಕೊಂಬೆಗಳನ್ನು ಎಷ್ಟು ಜೋಡಿಸಿದರೂ ನಡುವೆ ಗಾಳಿಯೇ ಹೆಚ್ಚು, ಹೀಗಾಗಿ ಲಾರಿ ತೂಕಕ್ಕೆ ಮೊದಲೇ ತುಂಬಿಬಿಡುತ್ತದೆ. ಈ ಕಾರಣಕ್ಕೆ ಸಣ್ಣ ರೆಂಬೆಗಳನ್ನು ಲೆಕ್ಕದಿಂದಲೇ ಬಿಟ್ಟು, ನೆಟ್ಟಗಿರುವ ತುದಿ ಮತ್ತು ತೆಳು ಮರಗಳನ್ನಷ್ಟೇ ಉಳಿಸಿಕೊಂಡೆ. ರೆಂಬೆ ತೋಟದಲ್ಲೇ ಗೊಬ್ಬರವಾಗುವುದು ಮಣ್ಣಿಗೂ ಒಳ್ಳೆಯದು.

ದೂರವೇ ತೊಂದರೆಯಾದರೆ ಕೊಡಗಿನಲ್ಲೇ ಒಂದು ಸಣ್ಣ ಪಲ್ಪ್ ಘಟಕ ಏಕೆ ಬೇಡ ಎಂದು ಹಲವರು ಕೇಳಿದರು. ಬೇಡ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಒಂದು ಟನ್ ಪಲ್ಪಿನ ಜೊತೆಗೆ, ಕರಗಿದ ಮರ ಮತ್ತು ರಾಸಾಯನಿಕ ಸೇರಿ, ಕಪ್ಪು ದ್ರಾವಣದಲ್ಲಿ ಸುಮಾರು ಒಂದೂವರೆ ಟನ್ನಿನಷ್ಟು ಘನಪದಾರ್ಥ ಉಳಿಯುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಅದನ್ನು ಗಟ್ಟಿಯಾಗಿಸಿ ರಿಕವರಿ ಬಾಯ್ಲರಿನಲ್ಲಿ ಉರಿಸಿ ಹಬೆ ಪಡೆಯುತ್ತಾರೆ, ಕೆಳಗೆ ಉಳಿದ ಸೋಡಿಯಂ ಲವಣಕ್ಕೆ ಸುಣ್ಣ ಬೆರೆಸಿ ಕಾಸ್ಟಿಕ್ ಸೋಡಾವನ್ನು ಮರಳಿ ಪಡೆಯುತ್ತಾರೆ. ಇಂತಹ ಯಂತ್ರಸ್ಥಾವರಗಳ ಬಂಡವಾಳ ಸಾಮರ್ಥ್ಯದ 0.6ನೇ ಘಾತದಂತೆ ಏರುತ್ತದೆ ಎಂಬುದು ರಾಸಾಯನಿಕ ಎಂಜಿನಿಯರುಗಳ ಹಳೆಯ ಸೂತ್ರ. ಅಂದರೆ ಸಾಮರ್ಥ್ಯ ಎರಡು ಪಟ್ಟಾದರೂ ಖರ್ಚು ಒಂದೂವರೆ ಪಟ್ಟಷ್ಟೇ. ಅದನ್ನು ತಿರುಗಿಸಿ ನೋಡಿದರೆ ಸಣ್ಣ ಘಟಕಕ್ಕೆ ಪ್ರತಿ ಟನ್ನಿನ ಹೊರೆ ಎಷ್ಟೆಂದು ತಿಳಿಯುತ್ತದೆ. ರಿಕವರಿ ಕಟ್ಟಲಾಗದ ಘಟಕ ಕಪ್ಪು ದ್ರಾವಣವನ್ನು ಬಿಡುವುದು ಎಲ್ಲಿಗೆ? ಕಾವೇರಿ ಹುಟ್ಟುವ, ಲಕ್ಷ್ಮಣತೀರ್ಥ ಹರಿಯುವ ಜಿಲ್ಲೆಯಲ್ಲಿ ಆ ಪ್ರಶ್ನೆಯೊಂದೇ ಸಾಕು.

ಬೆಳೆಗಾರರ ಸಭೆಯಲ್ಲಿ ಫಲಿತಾಂಶ ಮಂಡಿಸಿದಾಗ ಮೆಣಸಿನ ಪ್ರಶ್ನೆ ಎದ್ದಿತು. ಫಲ ಕೊಡುವ ಬಳ್ಳಿ ಹಬ್ಬಿರುವ ಮರವನ್ನು ಪಲ್ಪಿಗಾಗಿ ಕಡಿಯುವುದು ಯಾವ ದರದಲ್ಲೂ ಲಾಭವಲ್ಲ ಎಂದು ನನ್ನ ಪ್ರಬಂಧದಲ್ಲೇ ಬರೆದಿದ್ದೆ, ಅದನ್ನೇ ಓದಿ ಹೇಳಿದೆ. ಪ್ಲೈವುಡ್ಡಿಗೆ ಹೋಗಬಲ್ಲ ದಿಮ್ಮಿಯನ್ನು ಪಲ್ಪಿಗೆ ಕೊಡುವುದೂ ಅಷ್ಟೇ ತಪ್ಪು ಲೆಕ್ಕ. ಹೇಗೂ ತೆಗೆಯಬೇಕಾದ ಮರದ ಉಳಿಕೆ, ರಸ್ತೆಗೆ ಹತ್ತಿರದ ತೋಟ, ತೊಗಟೆ ಸುಲಿದು ಒಣಗಿಸಿದ ಸರಕು, ಒಣ ಟನ್ನಿನ ಬೆಲೆ, ಈ ನಾಲ್ಕೂ ಕೂಡಿದಲ್ಲಿ ಮಾತ್ರ ಬೆಳೆಗಾರನಿಗೆ ಸೌದೆಯ ಬೆಲೆಗಿಂತ ಹೆಚ್ಚು ಸಿಗುತ್ತದೆ. ಕೆಲವರಿಗೆ ಇದು ನಿರಾಶೆ ತಂದಿತು. ಕೆಲವರು ತಮ್ಮ ಮರಗಳನ್ನು ಒಟ್ಟು ಸೇರಿಸಿ ಒಂದೇ ಕಡೆ ಪೇರಿಸಲು ಒಪ್ಪಿದರು.

ಕಾರ್ಖಾನೆಯ ಖರೀದಿ ವಿಭಾಗದವರು ಒಣ ಟನ್ನಿನ ದರಕ್ಕೆ ತಾತ್ವಿಕವಾಗಿ ಬೇಡ ಎನ್ನಲಿಲ್ಲ. ಪ್ರತಿ ಲಾರಿಯ ತೇವಾಂಶವನ್ನು ಯಾರು, ಹೇಗೆ ಅಳೆಯಬೇಕು ಎಂಬಲ್ಲಿ ಮಾತು ನಿಂತಿತು. ಲಾರಿಯ ಬೇರೆ ಬೇರೆ ಜಾಗದ ತುಂಡುಗಳನ್ನು ಗರಗಸದಿಂದ ಅಡ್ಡ ಕೊಯ್ದು, ಉದುರಿದ ಹೊಟ್ಟನ್ನು ಡಬ್ಬಿಯಲ್ಲಿ ಮುಚ್ಚಿ, ಎರಡೂ ಕಡೆಯವರ ಎದುರು ತೂಗಿ ಒಲೆಗಿಡುವ ವಿಧಾನವನ್ನು ನಾವು ಸೂಚಿಸಿದ್ದೇವೆ. ಗರಗಸದ ಬಿಸಿಗೆ ಹೊಟ್ಟಿನ ನೀರು ಎಷ್ಟು ಆರುತ್ತದೆ, ಅದಕ್ಕೆ ಎಷ್ಟು ಸರಿಹೊಂದಿಸಬೇಕು ಎಂಬುದನ್ನು ಅದೇ ತುಂಡಿನ ಬಿಲ್ಲೆಗಳೊಡನೆ ಹೋಲಿಸಿ ಈ ಬೇಸಿಗೆಯಲ್ಲಿ ಅಳೆಯುತ್ತಿದ್ದೇವೆ. ಮಳೆ ಹಿಡಿಯುವ ಮೊದಲು ಮೂರೂ ತೋಟಗಳ ಪೇರಿಕೆಯಿಂದ ಮಾದರಿ ಮುಗಿಸಿ ಅಂಕಿಗಳನ್ನು ಖರೀದಿ ವಿಭಾಗಕ್ಕೂ ಬೆಳೆಗಾರರಿಗೂ ಒಂದೇ ದಿನ ಕೊಡಬೇಕೆಂದು ಮಾತಾಗಿದೆ.